ನಕ್ಷತ್ರದ ದೂರ ಅಳೆಯಲು ದಾರಿ ತೋರಿದ ಹೆನ್ರಿಯೆಟ್ಟಾ ಲೀವಿಟ್



ನನಗೆ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ, ಅದು ನಿಮಗೆಲ್ಲಾ ಗೊತ್ತು. ನಾನು ಯಾವಾಗಲೂ ಮುಂದಿನ ಬೆಂಚಿನಲ್ಲಿ ಕೂರೋದು ಅದಕ್ಕೇ. ನಕ್ಷತ್ರದ ದೂರ ಅಳೆಯೋಕೆ ಟೇಪು ಎಲ್ಲಿಂದ ತಂದರು ಅಂತ ಒಂದು ದಿನ ನಾನು ಕೇಳಿದಾಗ ನೀವೆಲ್ಲ ನಕ್ಕಿರಿ. ಮೇಷ್ಟ್ರು ಮಾತ್ರ ನಗಲಿಲ್ಲ, ಒಂದು ಪುಸ್ತಕ ಕೊಟ್ಟರು. ಅದರಲ್ಲಿ ನನಗೆ ಸಿಕ್ಕಿದವರೇ ಹೆನ್ರಿಯೆಟ್ಟಾ ಸ್ವಾನ್ ಲೀವಿಟ್.

ಇವರು 1868ರ ಜುಲೈ 4ರಂದು ಅಮೆರಿಕದ ಲ್ಯಾಂಕಾಸ್ಟರ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಪಾದ್ರಿ. 1892ರಲ್ಲಿ ಕಾಲೇಜು ಓದು ಮುಗಿಯಿತು. ಆಮೇಲೆ ಕಾಯಿಲೆ ಬಿದ್ದು ಅವರ ಕಿವಿ ಮಂದವಾಯಿತು. ಆದರೂ ಹಾರ್ವರ್ಡ್ ವೀಕ್ಷಣಾಲಯಕ್ಕೆ ಹೋಗಿ ಮೊದಲು ಸಂಬಳವಿಲ್ಲದೆ ದುಡಿದರು. ಮುಂದೆ ಗಂಟೆಗೆ 30 ಸೆಂಟ್ ಸಿಕ್ಕಿತು, ಅಂದರೆ ಒಂದು ಡಾಲರಿನ ಮೂರನೇ ಒಂದು ಭಾಗವೂ ಇಲ್ಲ! ಅಲ್ಲಿ ಹೆಂಗಸರಿಗೆ ದೂರದರ್ಶಕದ ಕೆಲಸ ಕೊಡುತ್ತಿರಲಿಲ್ಲ. ಗಾಜಿನ ಫಲಕದ ಮೇಲೆ ತೆಗೆದ ಆಕಾಶದ ಫೋಟೋಗಳನ್ನು ಮೇಜಿನ ಮೇಲಿಟ್ಟು ಚುಕ್ಕೆ ಚುಕ್ಕೆಯನ್ನೂ ಹೋಲಿಸಿ ನೋಡುವುದೇ ಇವರ ಕೆಲಸ.

ಕೆಲವು ನಕ್ಷತ್ರಗಳ ಬೆಳಕು ಹೆಚ್ಚುತ್ತಾ ಕುಗ್ಗುತ್ತಾ ಇರುತ್ತದೆ. ಅಂಥ 2400ಕ್ಕೂ ಹೆಚ್ಚು ನಕ್ಷತ್ರಗಳನ್ನು ಅವರು ಹುಡುಕಿದರು.

ದೀಪಾವಳಿ ರಾತ್ರಿ ಗುಡ್ಡ ಹತ್ತಿ ದೂರದ ಊರನ್ನು ನೋಡಿದ್ದೀರಾ? ಅಲ್ಲಿನ ದೀಪಗಳೆಲ್ಲ ನಮಗೆ ಹೆಚ್ಚುಕಡಿಮೆ ಒಂದೇ ದೂರ. ಹಾಗಾಗಿ ಜೋರಾಗಿ ಬೆಳಗುವುದು ನಿಜವಾಗಿಯೂ ದೊಡ್ಡ ದೀಪವೇ. ಕಿರಿಯ ಮೆಗೆಲಾನಿಕ್ ಮೋಡ ಅಂಥ ಒಂದು ನಕ್ಷತ್ರಗಳ ಊರು. ಅಲ್ಲಿನ 25 ನಕ್ಷತ್ರಗಳನ್ನು ನೋಡಿ 1912ರಲ್ಲಿ ಅವರು ಒಂದು ನಿಯಮ ಕಂಡುಕೊಂಡರು. ಸೆಫೀಡ್ ಎಂಬ ಜಾತಿಯ ನಕ್ಷತ್ರ ಒಂದು ಸಲ ಹೆಚ್ಚಿ ಕುಗ್ಗಲು ಜಾಸ್ತಿ ದಿನ ತೆಗೆದುಕೊಂಡಷ್ಟೂ ಅದರ ನಿಜವಾದ ಬೆಳಕು ಜಾಸ್ತಿ. ನಿಜವಾದ ಬೆಳಕು ಎಷ್ಟು, ನಮಗೆ ಕಾಣುವುದು ಎಷ್ಟು ಅಂತ ತಿಳಿದರೆ ದೂರ ಲೆಕ್ಕ ಹಾಕಬಹುದು. ಯಾಕಂದ್ರೆ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗವಾಗುತ್ತದೆ. ಟೇಪೇ ಬೇಡ!

1923ರಲ್ಲಿ ಎಡ್ವಿನ್ ಹಬಲ್ ಆಂಡ್ರೊಮೀಡಾದಲ್ಲಿ ಒಂದು ಸೆಫೀಡ್ ಕಂಡು ಇದೇ ಲೆಕ್ಕ ಮಾಡಿದರು. ಆಂಡ್ರೊಮೀಡಾ ನಮ್ಮ ಆಕಾಶಗಂಗೆಯ ಹೊರಗಿದೆ, ಅದೇ ಬೇರೊಂದು ಗೆಲಾಕ್ಸಿ ಅಂತ ಗೊತ್ತಾಯಿತು. ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ ಎಂದು ಈಗ ತಿಳಿದಿದೆ. ಒಂದು ಜ್ಯೋತಿರ್ವರ್ಷ ಅಂದರೆ ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುವ ಬೆಳಕು ಒಂದು ವರ್ಷದಲ್ಲಿ ಹೋಗುವಷ್ಟು ದೂರ. ದೂರದ ಗೆಲಾಕ್ಸಿಗಳು ಹೆಚ್ಚು ವೇಗವಾಗಿ ನಮ್ಮಿಂದ ಸರಿಯುತ್ತಿವೆ ಎಂದು 1929ರಲ್ಲಿ ಹಬಲ್ ತೋರಿಸಿದರು. ವಿಶ್ವದ ವಯಸ್ಸನ್ನು ಎಣಿಸಲು ದಾರಿಯಾಗಿದ್ದು ಇದರಿಂದಲೇ. ಅದು ಸುಮಾರು 1380 ಕೋಟಿ ವರ್ಷ.

ಇದನ್ನೆಲ್ಲ ನೋಡಲು ಲೀವಿಟ್ ಇರಲಿಲ್ಲ. 1921ರ ಡಿಸೆಂಬರ್ 12ರಂದು ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. 1925ರಲ್ಲಿ ಸ್ವೀಡನ್ನಿನ ಗಣಿತಜ್ಞ ಮಿಟಾಗ್-ಲೆಫ್ಲರ್ ಇವರ ಹೆಸರನ್ನು ನೊಬೆಲ್ ಬಹುಮಾನಕ್ಕೆ ಸೂಚಿಸಬೇಕೆಂದು ಪತ್ರ ಬರೆದರು. ಅವರು ಸತ್ತು ಮೂರು ವರ್ಷ ಆಗಿತ್ತು ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಸತ್ತವರ ಹೆಸರನ್ನು ನೊಬೆಲ್‌ಗೆ ಸೂಚಿಸುವ ಹಾಗಿಲ್ಲ. ಇದನ್ನು ಓದಿ ನನಗೆ ತುಂಬಾ ಬೇಜಾರಾಯಿತು.

ಗೆಳೆಯರೇ, ಕಾರ್ತಿಕದ ಅಮಾವಾಸ್ಯೆ ರಾತ್ರಿ ಊಟ ಆದಮೇಲೆ ಅಂಗಳಕ್ಕೆ ಬಂದು ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ನೋಡಿ. ಮಸುಕಾದ ಮಂಜಿನ ಚುಕ್ಕೆ ಕಂಡರೆ ಅದೇ ಆಂಡ್ರೊಮೀಡಾ. ಆಗ ಲೀವಿಟ್ ಅವರನ್ನು ನೆನೆಯಿರಿ.

ಇನ್ನು ಮೇಲೆ ಪಾಠ ಕೇಳಿಸದಿದ್ದರೆ ನಾನು ಎದ್ದು ನಿಂತು, ಇನ್ನೊಂದು ಸಲ ಹೇಳಿ ಸಾರ್ ಅಂತೀನಿ. ನೀವು ನಗಬಾರದು.