ಗ್ಯಾರಿ ಕಿಲ್ಡಾಲ್

ಗ್ಯಾರಿ ಕಿಲ್ಡಾಲ್ (ಮೇ ೧೯, ೧೯೪೨ – ಜುಲೈ ೧೧, ೧೯೯೪) ಅಮೆರಿಕದ ಗಣಕ ವಿಜ್ಞಾನಿ ಹಾಗೂ ಉದ್ಯಮಿ. ಮೈಕ್ರೊಕಂಪ್ಯೂಟರುಗಳಿಗಾಗಿ ಸಿಪಿ/ಎಂ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ರಚಿಸಿದರು. ದೊಡ್ಡ ಗಣಕಗಳಿಗೆ ಸೀಮಿತವಾಗಿದ್ದ ತಂತ್ರಾಂಶ ರಚನೆಯ ಸಾಧನಗಳನ್ನು ಸಣ್ಣ ಗಣಕಗಳಿಗೆ ತಂದವರಲ್ಲಿ ಇವರು ಪ್ರಮುಖರು.

ಜನನ ಮತ್ತು ಶಿಕ್ಷಣ

ಕಿಲ್ಡಾಲ್ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದಲ್ಲಿ ಜನಿಸಿದರು. ಅವರ ಕುಟುಂಬವು ಅಲ್ಲಿ ನೌಕಾಯಾನ ಶಾಲೆಯೊಂದನ್ನು ನಡೆಸುತ್ತಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ೧೯೭೨ರಲ್ಲಿ ಗಣಕ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು.

ಪಿಎಲ್/ಎಂ

ಅಧ್ಯಾಪನದ ಜೊತೆಗೆ ಇಂಟೆಲ್ ಸಂಸ್ಥೆಗೆ ಸಲಹೆಗಾರರಾಗಿದ್ದ ಕಿಲ್ಡಾಲ್, ೧೯೭೩ರಲ್ಲಿ ೮೦೦೮ ಮೈಕ್ರೊಪ್ರೊಸೆಸರಿಗಾಗಿ ಪಿಎಲ್/ಎಂ ಎಂಬ ಉನ್ನತ ಸ್ತರದ ಭಾಷೆಯನ್ನು ರೂಪಿಸಿದರು. ಇದರ ಕಂಪೈಲರ್ ಫೋರ್ಟ್ರಾನ್ ಭಾಷೆಯಲ್ಲಿದ್ದು, ದೊಡ್ಡ ಗಣಕದ ಮೇಲೆ ನಡೆಯುತ್ತಿತ್ತು. ಅಲ್ಲಿ ಸಿದ್ಧವಾದ ಯಂತ್ರಭಾಷೆಯ ಸಂಕೇತವನ್ನು ಸಣ್ಣ ಯಂತ್ರಕ್ಕೆ ಒಯ್ಯಬೇಕಾಗಿತ್ತು. ಹೀಗಾಗಿ ದೊಡ್ಡ ಗಣಕ ಲಭ್ಯವಿಲ್ಲದವರಿಗೆ ಈ ಭಾಷೆಯ ಬಳಕೆ ಕಷ್ಟವಾಗಿತ್ತು.

ಸಿಪಿ/ಎಂ ಮತ್ತು ಬಯೋಸ್

ಮೈಕ್ರೊಕಂಪ್ಯೂಟರಿನಲ್ಲಿಯೇ ಕ್ರಮವಿಧಿಗಳನ್ನು ಬರೆದು ಪರೀಕ್ಷಿಸಲು ಅನುಕೂಲವಾಗುವಂತೆ, ಫ್ಲಾಪಿ ಡಿಸ್ಕ್ ಆಧಾರಿತ ಸಿಪಿ/ಎಂ ವ್ಯವಸ್ಥೆಯನ್ನು ಕಿಲ್ಡಾಲ್ ೧೯೭೪ರಲ್ಲಿ ರಚಿಸಿದರು. ಇದರೊಂದಿಗೆ ಇಡಿ ಎಂಬ ಸಂಪಾದಕ, ಎಎಸ್ಎಂ ಎಂಬ ಅಸೆಂಬ್ಲರ್ ಹಾಗೂ ಡಿಡಿಟಿ ಎಂಬ ದೋಷಶೋಧಕ ದೊರೆಯುತ್ತಿದ್ದವು. ಡಿಡಿಟಿ ಮತ್ತು ಕಡತಗಳನ್ನು ನಕಲಿಸುವ ಪಿಐಪಿ ಎಂಬ ಹೆಸರುಗಳು ಡಿಜಿಟಲ್ ಇಕ್ವಿಪ್ಮೆಂಟ್ ಸಂಸ್ಥೆಯ ಗಣಕಗಳಲ್ಲಿ ಮೊದಲೇ ಬಳಕೆಯಲ್ಲಿದ್ದವು. ಪತ್ನಿ ಡೊರೊಥಿ ಅವರೊಂದಿಗೆ ಸ್ಥಾಪಿಸಿದ ಡಿಜಿಟಲ್ ರಿಸರ್ಚ್ ಸಂಸ್ಥೆಯ ಮೂಲಕ ಸಿಪಿ/ಎಂ ಮಾರಾಟವಾಯಿತು.

ಆ ಕಾಲದಲ್ಲಿ ಒಬ್ಬೊಬ್ಬ ತಯಾರಕರ ಯಂತ್ರಾಂಶ ಒಂದೊಂದು ಬಗೆಯದಾಗಿತ್ತು. ಆದ್ದರಿಂದ ಕೀಲಿಮಣೆ, ಪರದೆ, ಡಿಸ್ಕ್ ಮುಂತಾದವುಗಳೊಡನೆ ನೇರವಾಗಿ ವ್ಯವಹರಿಸುವ ಭಾಗವನ್ನು ಕಿಲ್ಡಾಲ್ ಬಯೋಸ್ ಎಂದು ಪ್ರತ್ಯೇಕಿಸಿದರು. ಹೊಸ ಯಂತ್ರಕ್ಕೆ ಸಿಪಿ/ಎಂ ಅಳವಡಿಸುವವರು ಮುಖ್ಯವಾಗಿ ಬಯೋಸನ್ನಷ್ಟೇ ಬರೆದರೆ ಸಾಕಾಗುತ್ತಿತ್ತು. ಕಂಪೈಲರ್, ಅಸೆಂಬ್ಲರ್‌ಗಳು ವ್ಯವಸ್ಥೆಯ ಕರೆಗಳನ್ನಷ್ಟೇ ಅವಲಂಬಿಸಿದ್ದರಿಂದ ಬದಲಾವಣೆಯಿಲ್ಲದೆ ನಡೆಯುತ್ತಿದ್ದವು.

ಐಬಿಎಂ ಪಿಸಿ ಮತ್ತು ಸ್ಪರ್ಧೆ

ಈ ಕರೆಗಳ ಸ್ಪಷ್ಟತೆ ಪ್ರತಿಸ್ಪರ್ಧಿಗಳಿಗೂ ನೆರವಾಯಿತು. ಟಿಮ್ ಪ್ಯಾಟರ್ಸನ್ ೧೯೮೦ರಲ್ಲಿ ೮೦೮೬ ಪ್ರೊಸೆಸರಿಗಾಗಿ ರಚಿಸಿದ ೮೬-ಡಾಸ್, ಸಿಪಿ/ಎಂ ಕ್ರಮವಿಧಿಗಳನ್ನು ಸುಲಭವಾಗಿ ವರ್ಗಾಯಿಸಲು ಅದೇ ಮಾದರಿಯ ಕರೆಗಳನ್ನು ಅನುಸರಿಸಿತು. ಮೈಕ್ರೋಸಾಫ್ಟ್ ಇದನ್ನು ಖರೀದಿಸಿತು. ಇದರಿಂದ ರೂಪುಗೊಂಡ ಪಿಸಿ ಡಾಸ್, ೧೯೮೧ರಲ್ಲಿ ಬಿಡುಗಡೆಯಾದ ಐಬಿಎಂ ಪಿಸಿಯೊಂದಿಗೆ ೪೦ ಡಾಲರಿಗೆ ದೊರೆಯಿತು. ತಡವಾಗಿ ಬಂದ ಸಿಪಿ/ಎಂ-೮೬ರ ಬೆಲೆ ೨೪೦ ಡಾಲರ್ ಆಗಿತ್ತು. ಮಾರುಕಟ್ಟೆ ಕ್ರಮೇಣ ಡಾಸ್ ಕಡೆಗೆ ವಾಲಿತು.

ಕೊನೆಯ ವರ್ಷಗಳು ಮತ್ತು ಸ್ಮರಣೆ

ಕಿಲ್ಡಾಲ್ ೧೯೮೦ರ ದಶಕದಲ್ಲಿ ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ದೂರದರ್ಶನ ಕಾರ್ಯಕ್ರಮದ ಸಹನಿರೂಪಕರಾಗಿದ್ದರು. ಡಿಜಿಟಲ್ ರಿಸರ್ಚ್ ೧೯೯೧ರಲ್ಲಿ ನೊವೆಲ್ ಸಂಸ್ಥೆಯ ಪಾಲಾಯಿತು. ಕಿಲ್ಡಾಲ್ ತಮ್ಮ ೫೨ನೆಯ ವಯಸ್ಸಿನಲ್ಲಿ ಮಾಂಟೆರೆಯಲ್ಲಿ ನಿಧನರಾದರು. ಪೆಸಿಫಿಕ್ ಗ್ರೋವ್‌ನಲ್ಲಿ ಡಿಜಿಟಲ್ ರಿಸರ್ಚ್ ಕಚೇರಿಯಿದ್ದ ಕಟ್ಟಡದ ಬಳಿ, ಸಿಪಿ/ಎಂ ರಚನೆಯನ್ನು ಸ್ಮರಿಸುವ ಫಲಕವನ್ನು ಐಇಇಇ ಸಂಸ್ಥೆ ೨೦೧೪ರಲ್ಲಿ ಸ್ಥಾಪಿಸಿತು.