ಕೇಳುಗ ಮಹಾರಾಜರು: ಜಯಚಾಮರಾಜೇಂದ್ರ ಒಡೆಯರ್

ಕಳೆದ ಮಳೆಗಾಲದ ರಜೆಯಲ್ಲಿ ನಾವು ಕನ್ನಡ ಸಂಘದ ನಾಲ್ಕು ಜನ ಗೆಳೆಯನೊಬ್ಬನ ಮನೆಗೆ ಅಂತ ಕಾಯ್ಕಿಣಿಗೆ ಹೋಗಿದ್ವಿ. ಭಟ್ಕಳ ತಾಲೂಕು, ಮುರ್ಡೇಶ್ವರದ ಪಕ್ಕದ ಊರು. ಹೊರಗೆ ಬಿಡದೆ ಮಳೆ, ಮನೆಯಲ್ಲಿ ಕರೆಂಟಿಲ್ಲ, ಫೋನಿನ ನೆಟ್‌ವರ್ಕ್ ಒಂದು ಕಡ್ಡಿ ಬಂದರೆ ಎರಡು ಹೋಗುತ್ತಿತ್ತು. ಮೊದಲೇ ಇಳಿಸಿಟ್ಟುಕೊಂಡಿದ್ದ ಶೂಗೇಜ್ ಸಂಕಲನಗಳೇ ಗತಿ.

ಶೂಗೇಜ್ ಗೊತ್ತಿಲ್ಲದವರಿಗೆ ಒಂದು ಮಾತು. ಗಿಟಾರಿನ ಸದ್ದನ್ನು ಪೆಡಲ್‌ಗಳ ಮೂಲಕ ಹಿಗ್ಗಿಸಿ, ಮಸುಕು ಮಾಡಿ, ಹಾಡುವವರ ದನಿಯನ್ನೂ ಅದರಲ್ಲೇ ಮುಳುಗಿಸಿಬಿಡುವ ಸಂಗೀತ ಅದು. 1980ರ ದಶಕದ ಕೊನೆಯಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ತಂಡಗಳಿಂದ ಶುರುವಾಯಿತು. ವೇದಿಕೆ ಮೇಲೆ ಕಾಲಬುಡದ ಪೆಡಲ್‌ಗಳನ್ನೇ ನೋಡುತ್ತಾ ನಿಲ್ಲುತ್ತಿದ್ದದ್ದಕ್ಕೆ ಆ ಹೆಸರು ಬಂತು. 2016ರಲ್ಲಿ ಬಂದ 'ಸ್ಟಿಲ್ ಇನ್ ಎ ಡ್ರೀಮ್' ಅನ್ನೋ ಐದು ಸಿ.ಡಿ.ಗಳ ಸಂಕಲನದಿಂದ ನಮಗೆ ಹತ್ತಾರು ಹೊಸ ಹೆಸರು ಸಿಕ್ಕವು. 2013ರ 'ಯೆಲ್ಲೊ ಲವ್‌ಲೆಸ್'ನಲ್ಲಿ ಜಪಾನಿನ ತಂಡಗಳು ಮೈ ಬ್ಲಡಿ ವ್ಯಾಲೆಂಟೈನ್‌ನ 1991ರ 'ಲವ್‌ಲೆಸ್' ಆಲ್ಬಮ್ಮಿನ ಹಾಡುಗಳನ್ನು ತಮ್ಮ ತಮ್ಮ ರೀತಿಯಲ್ಲಿ ನುಡಿಸಿವೆ. ಒಂದು ಸಂಕಲನ ಕೈಗೆ ಸಿಕ್ಕರೆ ಸಾಕು, ಹೆಸರೇ ಕೇಳದ ತಂಡವೊಂದು ಆರನೇ ಹಾಡಾಗಿ ಬಂದು ಎದೆಯಲ್ಲಿ ಕೂತುಬಿಡುತ್ತದೆ.

ಆ ರಾತ್ರಿ ಗೆಳೆಯನ ಅಜ್ಜ ನಮ್ಮ ಪಕ್ಕ ಕೂತು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಒಂದು ಪ್ರಶ್ನೆ ಹಾಕಿದರು: ಎಲ್ಲೋ ದೂರದ ದೇಶದಲ್ಲಿ ಯಾರೂ ಕೇಳದ ಹಾಡನ್ನು ಹುಡುಕಿ, ಪೋಣಿಸಿ, ಇನ್ನೊಬ್ಬರ ಕೈಗೆ ಕೊಡುವವರು ಯಾರು, ಅವರಿಗೇನು ಲಾಭ? ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕಾಲೇಜಿಗೆ ವಾಪಸ್ ಬಂದು ಹುಡುಕುತ್ತಾ ಹೋದಾಗ ಸಿಕ್ಕವರು ನಮ್ಮದೇ ರಾಜ್ಯದವರು, ಮೈಸೂರಿನ ಕೊನೆಯ ಮಹಾರಾಜರು. ದಸರಾ ಫೋಟೋಗಳಲ್ಲಿ ಪೇಟ ತೊಟ್ಟು ಕೂತಿರುವ ಜಯಚಾಮರಾಜೇಂದ್ರ ಒಡೆಯರು ಎಲ್ಲರಿಗೂ ಗೊತ್ತು. ಗ್ರಾಮಾಫೋನ್ ಪ್ಲೇಟುಗಳ ನಡುವೆ ಕೂತ ಒಡೆಯರು ನಮಗಂತೂ ಗೊತ್ತಿರಲಿಲ್ಲ.

ಅವರು ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು. ನಾಲ್ವಡಿಯವರ ಕಾಲದ ಅರಮನೆಯಲ್ಲಿ ಕರ್ನಾಟಕ ಸಂಗೀತ, ಹಿಂದುಸ್ತಾನಿ, ಪಾಶ್ಚಾತ್ಯ ಬ್ಯಾಂಡು ಎಲ್ಲಕ್ಕೂ ಜಾಗ ಇತ್ತು. ಹುಡುಗನ ಕೈ ಚಿಕ್ಕಂದಿನಲ್ಲೇ ಪಿಯಾನೊ ಮೇಲೆ ಕೂತಿತು. ತಂಗಿ ವಿಜಯಾದೇವಿಯವರೂ ಪಿಯಾನೊ ಕಲಿತವರೇ. ಮಹಾರಾಜ ಕಾಲೇಜಿನಲ್ಲಿ 1938ರಲ್ಲಿ ಪದವಿ ಮುಗಿಯಿತು. 1939ರಲ್ಲಿ ಯುರೋಪ್ ಸುತ್ತಿ ಬಂದರು. ಪಿಯಾನೊ ವಾದಕರಾಗಬೇಕು, ಕಛೇರಿ ಕೊಡಬೇಕು ಅನ್ನೋ ಆಸೆ ಅವರಿಗಿತ್ತು.

1940 ಆ ಆಸೆಯನ್ನು ಮುಗಿಸಿಬಿಟ್ಟಿತು. ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು, ಆಗಸ್ಟ್‌ನಲ್ಲಿ ದೊಡ್ಡಪ್ಪ. ಸೆಪ್ಟೆಂಬರ್‌ನಲ್ಲಿ ಇಪ್ಪತ್ತೊಂದು ವರ್ಷದ ಹುಡುಗ ಸಿಂಹಾಸನದ ಮೇಲಿದ್ದರು. ನಮ್ಮಲ್ಲಿ ಏಳನೇ ಸೆಮಿಸ್ಟರ್ ಓದುವವರ ವಯಸ್ಸು. ಮನೆಯವರು ಹೇಳಿದ ಬ್ರಾಂಚ್ ಸೇರಿದೆವು ಅಂತ ನಾವೆಲ್ಲ ಗೊಣಗುತ್ತೇವೆ. ಅವರಿಗೆ ಸಿಕ್ಕ ಬ್ರಾಂಚಿನಲ್ಲಿ ರಾಜೀನಾಮೆ ಕೊಡುವ ಅವಕಾಶವೇ ಇರಲಿಲ್ಲ.

ನುಡಿಸುವವರಾಗಿ ಹೊರಗೆ ಹೋಗಲು ಆಗಲಿಲ್ಲ, ಹಾಗಾಗಿ ಕೇಳುವವರಾದರು. ಪಾಶ್ಚಾತ್ಯ ಸಂಗೀತದ ಪರೀಕ್ಷೆ ಪಾಸು ಮಾಡಿಕೊಂಡರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋಶಿಪ್ ಕೊಟ್ಟಿತು. ಅರಮನೆಗೆ ಹಡಗಿನಲ್ಲಿ ರೆಕಾರ್ಡುಗಳು ಬರುತ್ತಿದ್ದವು. ಮುಂದೆ ಲಂಡನ್ನಿನಿಂದ ಬಂದ ರೆಕಾರ್ಡಿಂಗ್ ನಿರ್ಮಾಪಕ ವಾಲ್ಟರ್ ಲೆಗ್ ಆ ಸಂಗ್ರಹ, ಸಾಲು ಸಾಲು ಲೌಡ್‌ಸ್ಪೀಕರುಗಳು, ಹಲವಾರು ದೊಡ್ಡ ಪಿಯಾನೊಗಳನ್ನು ನೋಡಿ ಬೆರಗಾಗಿ ಬರೆದುಕೊಂಡಿದ್ದಾರೆ.

ಇಲ್ಲಿ ಆ ಕಾಲದ ತಂತ್ರಜ್ಞಾನದ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಆಗಿನ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹನ್ನೆರಡು ಇಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ನಾಲ್ಕರಿಂದ ಐದು ನಿಮಿಷದ ಸಂಗೀತ. ಮೂವತ್ತೈದು ನಿಮಿಷದ ಒಂದು ರಚನೆ ಕೇಳಬೇಕಾದರೆ ನಾಲ್ಕೈದು ಪ್ಲೇಟು, ಪ್ರತಿ ಸಲ ಎದ್ದು ಮಗುಚಿ ಹಾಕಬೇಕು. ಇವನ್ನೆಲ್ಲ ಪುಸ್ತಕದ ಹಾಳೆಗಳಂಥ ಚೀಲಗಳಲ್ಲಿ ಇಟ್ಟು ರಟ್ಟು ಹಾಕುತ್ತಿದ್ದರು. ನಾವು ಇವತ್ತು ಆಲ್ಬಮ್ ಅನ್ನೋ ಪದ ಬಂದದ್ದು ಅಲ್ಲಿಂದಲೇ. ಪ್ಲೇಟಿಗೆ ಬೇಕಾದ ಅರಗಿನ ಬಹುಪಾಲು ನಮ್ಮ ದೇಶದ ಕಾಡುಗಳಿಂದ ಹೋಗುತ್ತಿತ್ತು.

ಇಷ್ಟು ಖರ್ಚಿನ ಕೆಲಸ ಆದ್ದರಿಂದ ಕಂಪನಿಗಳು ಮಾರಾಟವಾಗುವ ಸಂಗೀತವನ್ನಷ್ಟೇ ಮುದ್ರಿಸುತ್ತಿದ್ದವು. ಹೆಚ್ಚು ಜನ ಕೇಳದ ಸಂಗೀತಕ್ಕೆ ಲೆಗ್ 1930ರ ದಶಕದಲ್ಲಿ ಒಂದು ಉಪಾಯ ಹುಡುಕಿದ್ದರು. ಒಬ್ಬ ಸಂಗೀತಗಾರನ ಹೆಸರಲ್ಲಿ ಒಂದು ಸೊಸೈಟಿ ಮಾಡುವುದು, ಆಸಕ್ತರಿಂದ ಮುಂಗಡ ಚಂದಾ ಸೇರಿಸುವುದು, ಸಾಕಷ್ಟು ದುಡ್ಡು ಬಂದ ಮೇಲೆ ಮುದ್ರಿಸಿ ಸಂಪುಟಗಳಾಗಿ ಕಳಿಸುವುದು. ಇವತ್ತಿನ ಕ್ರೌಡ್‌ಫಂಡಿಂಗ್ ಅನ್ನಿ, ಬೇರೇನೂ ಅಲ್ಲ.

ಈಗ ಲಂಡನ್ನಿನಲ್ಲಿದ್ದ ಒಬ್ಬ ಮುದುಕರ ಕಥೆ. ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು, ರಾಖ್ಮನಿನೋವ್ ಅವರ ಆಪ್ತ ಗೆಳೆಯರು. ರಾಖ್ಮನಿನೋವ್ ತಮ್ಮ ನಾಲ್ಕನೇ ಪಿಯಾನೊ ಕನ್ಚೆರ್ಟೊವನ್ನು ಇವರಿಗೇ ಅರ್ಪಿಸಿದ್ದರು. ಕನ್ಚೆರ್ಟೊ ಅಂದರೆ ಒಂದು ಪಿಯಾನೊ ಒಂದು ಕಡೆ, ಇಡೀ ವಾದ್ಯವೃಂದ ಇನ್ನೊಂದು ಕಡೆ ನಿಂತು ಮಾತಾಡಿಕೊಳ್ಳುವ ರಚನೆ. ಕ್ರಾಂತಿಯ ನಂತರ, 1921ರಲ್ಲಿ, ಮೆಟ್ನರ್ ರಷ್ಯಾ ಬಿಟ್ಟರು. ಜರ್ಮನಿ, ಫ್ರಾನ್ಸ್ ಸುತ್ತಿ 1930ರ ದಶಕದ ನಡುವೆ ಲಂಡನ್ನಿಗೆ ಬಂದು ನೆಲೆಸಿದರು. ಹೊಸ ಕಾಲದ ಫ್ಯಾಷನ್ನಿಗೆ ಅವರ ಸಂಗೀತ ಹೊಂದಲಿಲ್ಲ. ಯುದ್ಧ ಬಂದಮೇಲೆ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ದುಡ್ಡೂ ನಿಂತಿತು. 1942ರಲ್ಲಿ ಹೃದಯಾಘಾತವಾಯಿತು. ತಾವು ಬರೆದದ್ದನ್ನು ತಾವೇ ನುಡಿಸಬಲ್ಲ ದೊಡ್ಡ ಪಿಯಾನೊ ವಾದಕ, ಆದರೆ ನುಡಿಸಿದ್ದು ಉಳಿಯುವ ದಾರಿ ಕಾಣಲಿಲ್ಲ. ಕೈ ನಡುಗುವ ಮೊದಲು ಯಾರಾದರೂ ಮೈಕ್ ಇಡಬೇಕಿತ್ತು.

ಇಟ್ಟವರು ಮೈಸೂರಿನವರು. ಮೆಟ್ನರ್ ಬರೆದದ್ದೆಲ್ಲ ಅವರದೇ ಕೈಯಲ್ಲಿ ಮುದ್ರಣ ಆಗಬೇಕು ಅಂತ ಒಡೆಯರು ದುಡ್ಡು ಕೊಟ್ಟು ನಿಂತರು. ಮೂರು ಕನ್ಚೆರ್ಟೊಗಳ ಧ್ವನಿಮುದ್ರಣ 1947ರಲ್ಲಿ ಲಂಡನ್ನಿನಲ್ಲಿ ಆಯಿತು, ಪಿಯಾನೊ ಮುಂದೆ ಕೂತವರು ಸ್ವತಃ ಮೆಟ್ನರ್, ಜೊತೆಗೆ ಫಿಲ್‌ಹಾರ್ಮೋನಿಯಾ ವಾದ್ಯವೃಂದ. ಆಮೇಲೆ ಸೊನಾಟಾಗಳು, ಹಾಡುಗಳು, ಸಣ್ಣ ರಚನೆಗಳು. ಮೆಟ್ನರ್ ಸೊಸೈಟಿಯ ಹೆಸರಲ್ಲಿ ಎಚ್.ಎಂ.ವಿ. ಇವನ್ನು ಸಂಪುಟಗಳಾಗಿ ಹೊರತಂದಿತು. ಮೆಟ್ನರ್ ತಮ್ಮ ಮೂರನೇ ಕನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಎಲ್ಲ ರಚನೆಗಳೂ ಮುಗಿಯಲಿಲ್ಲ. 1951ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಆದರೆ ಆ ನಾಲ್ಕು ವರ್ಷದಲ್ಲಿ ಮುದ್ರಣ ಆದದ್ದು ಉಳಿಯಿತು. ಮುಂದೆ ಸಿ.ಡಿ.ಯಾಯಿತು, ಇವತ್ತು ನಮ್ಮ ಇಯರ್‌ಫೋನಿಗೂ ಬರುತ್ತದೆ.

ಲೆಗ್ ಮೈಸೂರಿಗೆ ಬಂದು ಕೆಲವು ವಾರ ಇದ್ದಾಗ ಇನ್ನೊಂದು ಒಪ್ಪಂದವಾಯಿತು. ಯುದ್ಧ ಮುಗಿದ ಮೇಲೆ ಲೆಗ್ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ಕಾಲೂರಿ ನಿಲ್ಲಲಿ ಅಂತ ವರ್ಷಕ್ಕೆ 10,000 ಪೌಂಡ್, ಮೂರು ವರ್ಷ. ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಒಡೆಯರೇ. ಮೈಸೂರು ಮಹಾರಾಜರ ಸಂಗೀತ ಪ್ರತಿಷ್ಠಾನದ ಹೆಸರಲ್ಲಿ ರೆಕಾರ್ಡುಗಳು ಬಂದವು. ಬಲಾಕಿರೆವ್ ಅವರ ಮೊದಲ ಸಿಂಫನಿ, ರೂಸೆಲ್ ಅವರ ನಾಲ್ಕನೇ ಸಿಂಫನಿ ಥರದವು, ಆ ಕಾಲಕ್ಕೆ ಅಂಗಡಿಯಲ್ಲಿ ಕೇಳಿದರೂ ಸಿಗದ ಸಂಗೀತ. 1949ರಲ್ಲಿ ಇವನ್ನು ನಡೆಸಿದವರು ಹರ್ಬರ್ಟ್ ಫಾನ್ ಕರಾಯನ್, ಮುಂದೆ ಜಗತ್ತಿನ ಅತಿ ಪ್ರಸಿದ್ಧ ಕಂಡಕ್ಟರ್ ಆದವರು.

1950ರ ಮೇ 22ರ ರಾತ್ರಿಯದ್ದು ನಮಗೆ ತುಂಬಾ ಕಾಡಿದ ಸಂಗತಿ. ರಿಚರ್ಡ್ ಸ್ಟ್ರಾಸ್ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರು ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳನ್ನು ಯಾರೂ ಇನ್ನೂ ಕೇಳಿರಲಿಲ್ಲ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ವಾದ್ಯವೃಂದ ನಡೆಸಿದರು. ಆ ಕಛೇರಿಯ ಖರ್ಚಿಗೆ ಜವಾಬ್ದಾರಿ ಹೊತ್ತದ್ದು ಒಡೆಯರು. ಆದರೆ ಅವರೇ ಅಲ್ಲಿರಲಿಲ್ಲ. ಹೋಗಲು ಆಗಲಿಲ್ಲ. ಅವರಿಗಾಗಿಯೇ ಕಾರ್ಯಕ್ರಮವನ್ನು ದೊಡ್ಡ ಪ್ಲೇಟುಗಳ ಮೇಲೆ ಮುದ್ರಿಸಿ ಮೈಸೂರಿಗೆ ಕಳಿಸಿದರು. ಆ ಪ್ಲೇಟುಗಳ ಸದ್ದು ತೀರಾ ಸವೆದು ಗೊರಗೊರ ಅನ್ನುತ್ತದೆ. ಆದರೂ ಆ ಹಾಡುಗಳ ಮೊದಲ ರಾತ್ರಿ ಇವತ್ತಿಗೆ ಉಳಿದಿರುವುದು ದೂರದಲ್ಲಿ ಒಬ್ಬ ಕೇಳುಗ ಕಾಯುತ್ತಿದ್ದರು ಅನ್ನೋ ಕಾರಣಕ್ಕೆ.

ಇದನ್ನು ಬರೆಯುವಾಗ ನಮ್ಮ ಸಂಘದಲ್ಲೇ ಜಗಳ ಆಯಿತು. ದುಡ್ಡು ಯಾರದ್ದು? ಮೆಟ್ನರ್ ಕನ್ಚೆರ್ಟೊ ಮುದ್ರಣವಾದ ಅದೇ 1947ರಲ್ಲಿ ಇಲ್ಲಿ ಮೈಸೂರು ಚಲೋ ಚಳವಳಿ ನಡೆಯುತ್ತಿತ್ತು. ಜವಾಬ್ದಾರಿ ಸರ್ಕಾರ ಬೇಕು ಅಂತ ಜನ ಬೀದಿಗಿಳಿದಿದ್ದರು. ಆ ಸೆಪ್ಟೆಂಬರ್‌ನಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರೇ ಮೈಸೂರಿನ ರಾಮಸ್ವಾಮಿ ವೃತ್ತಕ್ಕಿದೆ. ಅಕ್ಟೋಬರ್‌ನಲ್ಲಿ ಒಡೆಯರು ಒಪ್ಪಿದರು, ಕೆ. ಸಿ. ರೆಡ್ಡಿಯವರ ಸರ್ಕಾರ ಬಂತು. ಲಂಡನ್ನಿನ ಸಂಗೀತಗಾರನ ಕಷ್ಟ ಕೇಳಿಸಿಕೊಂಡ ಕಿವಿಗೆ ಅರಮನೆ ಬಾಗಿಲ ಕೂಗು ಕೇಳಿಸಲು ಯಾಕೆ ಅಷ್ಟು ದಿನ ಬೇಕಾಯಿತು ಅನ್ನೋ ಪ್ರಶ್ನೆಯನ್ನು ಮುಚ್ಚಿಟ್ಟು ಅವರ ಕಥೆ ಹೇಳಬಾರದು ಅಂತ ನಮ್ಮಲ್ಲಿ ಕೆಲವರ ವಾದ. ನಮಗೂ ಅದು ಸರಿ ಅನ್ನಿಸಿತು. ಹಾಗಂತ ಉಳಿದ ಸಂಗೀತದ ಬೆಲೆ ಕಡಿಮೆಯಾಗುವುದೂ ಇಲ್ಲ. ಎರಡೂ ಒಟ್ಟಿಗೇ ನಿಜ.

ಅವರು ಹೊರಗಿನ ಸಂಗೀತಕ್ಕಷ್ಟೇ ಕಿವಿ ಕೊಟ್ಟವರು ಅಂತಲೂ ಅಂದುಕೊಳ್ಳಬೇಡಿ. ಆಸ್ಥಾನದ ಹಿರಿಯ ವಿದ್ವಾಂಸರಾದ ಮೈಸೂರು ವಾಸುದೇವಾಚಾರ್ಯರ ಒಡನಾಟದಲ್ಲಿ ಕರ್ನಾಟಕ ಸಂಗೀತದ ಆಳಕ್ಕಿಳಿದರು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದರು. ಬಹುಪಾಲು ಬೇರೆ ಬೇರೆ ರಾಗದಲ್ಲಿವೆ, ಅಪರೂಪದ ರಾಗಗಳೂ ಬೇಕಾದಷ್ಟಿವೆ. ಅಲ್ಲೂ ಅದೇ ಸ್ವಭಾವ ನೋಡಿ, ಜನ ಕೇಳದ್ದನ್ನು ಹುಡುಕಿ ಮುಂದಿಡುವುದು. ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯಲ್ಲಿ ಋಗ್ವೇದವನ್ನು ಕನ್ನಡ ಅರ್ಥದ ಸಮೇತ ಮೂವತ್ತಕ್ಕೂ ಹೆಚ್ಚು ಸಂಪುಟಗಳಲ್ಲಿ ಪ್ರಕಟಿಸಿದರು. ಸಂಸ್ಕೃತ ಬಾರದವರ ಕೈಗೂ ಅದು ಸಿಕ್ಕಿತು.

ಕಾಯ್ಕಿಣಿಗೂ ಅವರಿಗೂ ಒಂದು ನಂಟಿದೆ. ಬ್ರಿಟಿಷರ ಕಾಲದಲ್ಲಿ ಆ ಸೀಮೆ ಮೈಸೂರು ಅರಸರದ್ದಲ್ಲ, ಬೊಂಬಾಯಿ ಪ್ರಾಂತದ ಉತ್ತರ ಕನ್ನಡ. 1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದಾದಾಗ ಭಟ್ಕಳ, ಹೊನ್ನಾವರ, ಕುಮಟಾ ಎಲ್ಲ ಮೈಸೂರು ರಾಜ್ಯಕ್ಕೆ ಬಂದವು. ಆ ರಾಜ್ಯದ ಮೊದಲ ರಾಜ್ಯಪಾಲರು ಇದೇ ಒಡೆಯರು. 1964ರವರೆಗೆ ಇಲ್ಲಿದ್ದು, ಆಮೇಲೆ ಮದರಾಸಿನ ರಾಜ್ಯಪಾಲರಾದರು. 1971ರಲ್ಲಿ ರಾಜಧನವೂ ರದ್ದಾಯಿತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗಿನ್ನೂ ಐವತ್ತೈದು ವರ್ಷ.

ರಾಜ್ಯ ಹೋಯಿತು, ಪದವಿಗಳು ಹೋದವು. ಮೆಟ್ನರ್ ಮಾತ್ರ ಇನ್ನೂ ನುಡಿಸುತ್ತಿದ್ದಾರೆ. ಅಜ್ಜನ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ ಇಷ್ಟು: ಹುಡುಕಿ ಪೋಣಿಸಿ ಕೊಡುವವರು ಬಹಳ ಸಲ ವೇದಿಕೆ ಏರಲಾಗದೆ ಉಳಿದ ಕೇಳುಗರೇ. ತಮಗೆ ಇಷ್ಟವಾದದ್ದು ಕಳೆದುಹೋಗಬಾರದು ಅನ್ನೋ ಭಯ ಅವರಿಗಿರುತ್ತದೆ. ಅದು ಉಳಿದರೆ ಅದೇ ಅವರ ಲಾಭ.

ನಮ್ಮ ಹತ್ತಿರ ಅರಮನೆಯಿಲ್ಲ, ಹತ್ತು ಸಾವಿರ ಪೌಂಡಂತೂ ಇಲ್ಲವೇ ಇಲ್ಲ. ಹಂಚಿಕೊಳ್ಳಲು ಈಗ ಅವು ಬೇಕಾಗಿಯೂ ಇಲ್ಲ. ಹಾಗಾಗಿ ಈ ಸೆಮಿಸ್ಟರ್ ಸಂಘದಿಂದ ಒಂದು ಸಂಕಲನ ಮಾಡೋಣ ಅಂತಿದ್ದೇವೆ. ಒಬ್ಬರು ಒಂದೇ ಹಾಡು ಕೊಡಬೇಕು. ಉಳಿದವರು ಕೇಳಿರದ್ದಾಗಿರಬೇಕು. ಯಾವ ದೇಶದ್ದಾದರೂ ಸರಿ, ಯಾವ ಭಾಷೆಯಾದರೂ ಸರಿ, ನಿಮ್ಮ ಊರಿನ ಹಾಡಾದರೆ ಇನ್ನೂ ಒಳ್ಳೆಯದು. ಅದನ್ನು ಯಾಕೆ ಉಳಿಸಬೇಕು ಅಂತ ಎರಡು ಸಾಲು ಬರೆದುಕೊಡಿ. ಸಿದ್ಧವಾದ ಮೇಲೆ ಮೊದಲ ಪ್ರತಿ ಕಾಯ್ಕಿಣಿಯ ಅಜ್ಜನಿಗೆ. ಮೊದಲ ಹಾಡು ಯಾವುದು ಅಂತ ನಾವು ಈಗಲೇ ಗೊತ್ತು ಮಾಡಿಕೊಂಡಿದ್ದೇವೆ: ಮೆಟ್ನರ್ ಅವರ ಮೂರನೇ ಕನ್ಚೆರ್ಟೊ, ಅವರದೇ ಕೈಯಲ್ಲಿ.