ಹರ್ಡೇಕರ ಮಂಜಪ್ಪನವರ ನಿತ್ಯನೇಮ

ಚಿತ್ತಶಾಂತಿಗಾಗಿ ಧ್ಯಾನದ ಮೊರೆಹೊಗುವವರು ಈಗ ಸಣ್ಣ ಪೇಟೆಗಳಲ್ಲಿಯೂ ಹೆಚ್ಚುತ್ತಿದ್ದಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ವಾಚಕರು ಇದಕ್ಕೆ ದೂರದ ನಿದರ್ಶನವನ್ನು ಹುಡುಕಬೇಕಾದುದಿಲ್ಲ. ಅವರ ಜಿಲ್ಲೆಯ ಮುಖ್ಯಪಟ್ಟಣವಾದ ದಾವಣಗೆರೆಯಲ್ಲಿಯೇ ಒಬ್ಬ ಮಹನೀಯರು ಮನೋನಿಗ್ರಹವನ್ನು ಊರಿನ ರೂಢಿಯನ್ನಾಗಿ ಮಾಡಲು ಹೆಣಗಿದರು.

ಹರ್ಡೇಕರ ಮಂಜಪ್ಪನವರು 1886ರಲ್ಲಿ ಬನವಾಸಿಯ ಬಡ ಕುಟುಂಬದಲ್ಲಿ ಜನಿಸಿದರು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಿರಸಿಯಲ್ಲಿ ಉಪಾಧ್ಯಾಯರಾದರು. ವಂಗಭಂಗದ ಕಾಲದ ಸ್ವದೇಶಿ ಚಳವಳಿ ಅವರಿಂದ ಆ ಕೆಲಸವನ್ನು ಬಿಡಿಸಿತು. 1906ರಲ್ಲಿ ದಾವಣಗೆರೆಗೆ ಬಂದು ‘ಧನುರ್ಧಾರಿ’ ಎಂಬ ವಾರಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆ ನಡೆಸುವವನಿಗೆ ಊಟಕ್ಕೂ ನಿದ್ರೆಗೂ ಹೊತ್ತುಗೊತ್ತಿಲ್ಲವೆಂಬುದನ್ನು ನಾವು ಅನುಭವದಿಂದ ಬಲ್ಲೆವು. ಅಂತಹ ವೃತ್ತಿಯಲ್ಲಿದ್ದವರು ನೇಮನಿಷ್ಠೆಯ ಬಾಳನ್ನು ಆರಿಸಿಕೊಂಡುದೇ ವಿಶೇಷ. ಅವರು ಕಡೆಯವರೆಗೂ ಬ್ರಹ್ಮಚಾರಿಗಳಾಗಿಯೇ ಉಳಿದರು. ಈ ವ್ರತ ಸಂಸಾರಿಗಳಾದ ನಮಗೆಲ್ಲ ಒಗ್ಗತಕ್ಕದ್ದೆಂದು ನಾವು ಹೇಳಲಾರೆವು.

ಆದರೆ 1911ರಲ್ಲಿ ಅವರು ತೊಡಗಿದ ಕಾರ್ಯ ಸಂಸಾರಿಗಳಿಗಾಗಿಯೇ ಇದ್ದಿತು. ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳೊಡನೆ ಕೂಡಿ ಶ್ರಾವಣಮಾಸದ ಭಜನಾ ಸಂಘವನ್ನು ಕಟ್ಟಿದರು. ಒಬ್ಬನೇ ಕಣ್ಣುಮುಚ್ಚಿ ಕುಳಿತರೆ ಅಂಗಡಿಯ ಲೆಕ್ಕ, ಕಚೇರಿಯ ಕಾಗದ, ನೆರೆಯವನ ಮೇಲಿನ ಮುನಿಸು ಇವೇ ಕಣ್ಮುಂದೆ ನಿಲ್ಲುತ್ತವೆ. ಹತ್ತು ಮಂದಿ ಕೂಡಿ ಹಾಡುವಲ್ಲಿ ಚಂಚಲಚಿತ್ತನೂ ತಾಳಕ್ಕೆ ಕಟ್ಟುಬೀಳುತ್ತಾನೆ. ತಿಂಗಳೊಂದು ಕಳೆಯುವುದರೊಳಗೆ ಅದು ಅಭ್ಯಾಸವಾಗಿಬಿಡುತ್ತದೆ. ಹೀಗೆ ಕೂಡಿ ಬಾಳುವುದನ್ನು ಕಲಿತ ಊರಿನಲ್ಲಿಯೇ 1913ರಲ್ಲಿ ಬಸವಜಯಂತಿಯ ಸಾರ್ವಜನಿಕ ಉತ್ಸವವು ಈ ಇಬ್ಬರ ಪ್ರಯತ್ನದಿಂದ ಮೊದಲಾಯಿತು.

ಮುಂದೆ ಗಾಂಧೀಜಿಯವರ ಮಾರ್ಗವನ್ನು ಹಿಡಿದಾಗ ಈ ನೇಮಕ್ಕೆ ಚರಕವೂ ಸೇರಿತು. ನೂತವರಿಗೆಲ್ಲ ಗೊತ್ತಿರುವಂತೆ ಮನಸ್ಸು ಎತ್ತಲೋ ಹರಿದೊಡನೆ ಎಳೆ ಕಡಿಯುತ್ತದೆ; ಅದಕ್ಕಿಂತ ನಿಷ್ಠುರನಾದ ಧ್ಯಾನಗುರುವನ್ನು ನಾವು ಕಾಣೆವು. ‘ಖಾದಿ ವಿಜಯ’ವೆಂಬ ಪತ್ರಿಕೆಯನ್ನು ನಡೆಸಿದರು. ಹರಿಹರದಲ್ಲಿ ತುಂಗಭದ್ರೆಯ ದಡದ ಮೇಲೆ ಸತ್ಯಾಗ್ರಹಾಶ್ರಮವನ್ನು ಕಟ್ಟಿದರು. ಅನಂತರ ಕೃಷ್ಣಾತೀರದ ಆಲಮಟ್ಟಿಗೆ ಹೋಗಿ ಅಲ್ಲಿ ವಿದ್ಯಾಲಯವನ್ನು ತೆರೆದರು. ಪ್ರಾರ್ಥನೆ ಒಂದು ಕಡೆ, ಮೈಮುರಿದು ದುಡಿಯುವುದು ಇನ್ನೊಂದು ಕಡೆ ಎಂಬ ಭೇದ ಅವರಲ್ಲಿರಲಿಲ್ಲ. ಬಸವಣ್ಣನವರ ಕಾಯಕತತ್ತ್ವವನ್ನೂ ಗಾಂಧೀಜಿಯವರ ಸ್ವಾವಲಂಬನವನ್ನೂ ಅವರು ಒಂದೇ ಆಗಿ ಕಂಡವರು. ಜನರು ಅವರನ್ನು ಕರ್ನಾಟಕದ ಗಾಂಧಿಯೆಂದು ಕರೆದುದು ಇದಕ್ಕಾಗಿಯೇ.

1947ರ ಜನವರಿಯಲ್ಲಿ ಅವರು ಕಾಲವಾದರು. ಸ್ವಾತಂತ್ರ್ಯಕ್ಕೆ ಆಗ ಏಳು ತಿಂಗಳು ಉಳಿದಿದ್ದವು.